ನೀರಿನ ಕಡೆಗಿದ್ದ ಬಾಗಿಲು

ಕಾಸರಗೋಡಿನ ಕುಂಬಳೆ ಹಿನ್ನೀರಿನ ಬದಿಯಲ್ಲಿ ನಮ್ಮ ದೊಡ್ಡಮ್ಮನ ಮನೆ. ರಸ್ತೆಯಿಂದ ಹೋದರೆ ಮೊದಲು ಸಿಗುವುದು ದನದ ಹಟ್ಟಿ, ಆಮೇಲೆ ಬಚ್ಚಲು. ಜಗಲಿ ಇರುವುದು ಆಚೆ, ನೀರಿನ ಕಡೆ. ಮನೆ ಉಲ್ಟಾ ಕಟ್ಟಿದ್ದಾರೆ ಅಂತ ಚಿಕ್ಕಂದಿನಲ್ಲಿ ನಗುತ್ತಿದ್ದೆವು. ಆ ಮನೆ ಕಟ್ಟಿದ ಕಾಲಕ್ಕೆ ನೆಂಟರು ಬರುತ್ತಿದ್ದದ್ದು ದೋಣಿಯಲ್ಲಿ.

ಕೇರಳದ 44 ನದಿಗಳಲ್ಲಿ 12 ಕಾಸರಗೋಡು ಜಿಲ್ಲೆಯಲ್ಲೇ ಹರಿಯುತ್ತವೆ. ಹೆಚ್ಚಿನವು ಗಿಡ್ಡ ಹೊಳೆಗಳು. ಮಂಜೇಶ್ವರ ಹೊಳೆಯ ಉದ್ದ ಬರೀ 16 ಕಿ.ಮೀ. ಎಲ್ಲವೂ ಪಡುವಣಕ್ಕೆ ಹರಿಯುತ್ತವೆ. ಆದರೆ ಮಂಗಳೂರಿಗೋ ಕಾಸರಗೋಡಿಗೋ ಹೊರಟವರು ನಡೆಯಬೇಕಾದದ್ದು ಉತ್ತರಕ್ಕೆ ಇಲ್ಲವೇ ದಕ್ಷಿಣಕ್ಕೆ. ಹಾಗಾಗಿ ಸ್ವಲ್ಪ ನಡೆದರೆ ಒಂದು ಹೊಳೆ ಅಡ್ಡ. ಹೊಳೆಗೊಂದು ಕಡವು. ದೋಣಿ ಆಚೆ ದಡದಲ್ಲಿದ್ದರೆ ಕೂಗಿ ಕರೆಯಬೇಕು.

ಹಿನ್ನೀರು ಹುಟ್ಟುವ ಬಗೆ ಚೆನ್ನಾಗಿದೆ. ಕಡಲಿನ ಅಲೆಗಳು ದಡಕ್ಕೆ ಓರೆಯಾಗಿ ಬಡಿದು ಮರಳನ್ನು ದಡದುದ್ದಕ್ಕೂ ದೂಡುತ್ತವೆ. ಆ ಮರಳು ಹೊಳೆಯ ಬಾಯಿಗೆ ಅಡ್ಡವಾಗಿ ನಾಲಗೆಯಂತೆ ಚಾಚುತ್ತದೆ. ಶಿರಿಯ ಹೊಳೆ, ಕುಂಬಳೆ ಹೊಳೆಗಳ ನೀರು ಅದರ ಹಿಂದೆ ತಡೆದು, ದಡದ ಜೊತೆಗೇ ಉದ್ದಕ್ಕೆ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಳಿವೆ ಕಿರಿದಾಗುತ್ತದೆ, ಮಳೆಗಾಲದ ನೆರೆ ಬಂದು ಅಗಲ ಮಾಡುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಸೀಮೆಯಲ್ಲಿ ಆ ನೂಕು ಸಣ್ಣದಲ್ಲ, ಅಲ್ವಾ?

ಹೊಳೆಗಳೆಲ್ಲ ಅಡ್ಡ ಬಂದರೆ, ಹಿನ್ನೀರು ಮಾತ್ರ ಹೋಗಬೇಕಾದ ದಿಕ್ಕಿಗೇ ಮಲಗಿತ್ತು. ಕಡಲಿನ ಅಬ್ಬರವೂ ಇಲ್ಲ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಪ್ರವಾಸಿ ಬಾರ್ಬೋಸಾ, ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುವುದನ್ನು ಬರೆದಿದ್ದಾನೆ. ಈಗ ಎತ್ತ ನೋಡಿದರೂ ತೆಂಗೇ ಕಾಣುವ ಊರಿಗೆ ನಾರು ಹೊರಗಿಂದ!

ದೋಣಿಯ ಹೊತ್ತು ಗೊತ್ತು ಮಾಡುತ್ತಿದ್ದದ್ದು ಚಂದ್ರ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 6ಕ್ಕೆ ನೀರು ತುಂಬಿದರೆ ನಾಳೆ 6.50ರ ಹೊತ್ತಿಗೆ. ಏರುವ ನೀರಿನ ಜೊತೆ ಒಳಗೆ, ಇಳಿಯುವ ನೀರಿನ ಜೊತೆ ಅಳಿವೆ ಕಡೆಗೆ ಹೊರಟರೆ ಹುಟ್ಟು ಹಾಕುವ ಕಷ್ಟ ಕಡಿಮೆ. ಹೊತ್ತು ತಪ್ಪಿತೋ, ಕೆಸರಲ್ಲಿ ಸಿಕ್ಕಿಕೊಂಡು ಸುಮ್ನೆ ಕೂರಬೇಕು. ದೊಡ್ಡಮ್ಮನ ಕಡವಿನಲ್ಲಿ ಮುರಕಲ್ಲಿನ ಆರು ಮೆಟ್ಟಿಲುಗಳಿವೆ. ಕೆಳಗಿನ ನಾಲ್ಕಕ್ಕೆ ಚಿಪ್ಪು ಕಚ್ಚಿಕೊಂಡಿದೆ, ಐದನೆಯದಕ್ಕೆ ಪಾಚಿ, ಆರನೆಯದು ಒಣ. ಉಬ್ಬರದ ಲೆಕ್ಕ ಅಷ್ಟೇ. ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟರೆ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ ಈಸ್ಟ್ ಇಂಡಿಯಾ ಕಂಪನಿಯ ಬುಕನನ್, 1801ರಲ್ಲಿ ಇದೇ ಕರಾವಳಿಯಲ್ಲಿ ಹೊಳೆ ದಾಟುತ್ತಾ ಮಂಗಳೂರಿಗೆ ಹೋದವನು.

1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಹೊಳೆಗೆ ಸೇತುವೆ, ತಗ್ಗಿಗೆ ಮಣ್ಣಿನ ಏರಿ. ಹೀಗೆ ಏರಿ ಹಾಕಿದ ಕಡೆ ನೀರಿನ ಓಟ ಕುಗ್ಗಿದರೆ ಹೂಳು ಕೂರುತ್ತದೆ, ದೋಣಿಗೆ ಆಳ ಸಾಲುವುದಿಲ್ಲ. ಆದರೂ ಕಡವುಗಳು ಒಮ್ಮೆಲೇ ನಿಲ್ಲಲಿಲ್ಲ. ರೈಲಿಗೆ ಸ್ಟೇಷನ್ ಬೇಕು, ದೋಣಿಗೆ ನಾಲ್ಕು ಮೆಟ್ಟಿಲು ಸಾಕು. ರಸ್ತೆಗೂ ಸೇತುವೆ ಬಂದು, ಬಸ್ಸು ಜಾಸ್ತಿಯಾದ ಮೇಲೆ ಅಂಬಿಗರಿಗೆ ಗಿರಾಕಿ ಇಲ್ಲದಾಯಿತು.

ಈಗ ಕೊರಿಯರ್ ಹುಡುಗರು ಹಟ್ಟಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಾರೆ. ಜಗಲಿಯಲ್ಲಿರುವ ದೊಡ್ಡಮ್ಮನಿಗೆ ಕೇಳಿಸುವುದಿಲ್ಲ. ಮೊದಲು ದನ ಕೂಗುತ್ತದೆ, ಆಮೇಲೆ ಅವರು ಎದ್ದು ಬರುತ್ತಾರೆ.