ಬೆಕ್ಕಿನ ಕಿವಿಯ ಆ ಕಪ್ಪು ಪುಡಿ ಕೊಳೆಯಲ್ಲ

ನಾಲ್ಕು ತಿಂಗಳ ಬೆಕ್ಕಿನ ಮರಿಯೊಂದು ತರಕಾರಿ ಬುಟ್ಟಿಯಲ್ಲಿ ಕುಳಿತು ನಮ್ಮ ಚಿಕಿತ್ಸಾಲಯಕ್ಕೆ ಬಂದಿತ್ತು. ಎಡಗಿವಿಯ ಹಿಂದೆ ಕೂದಲು ಉದುರಿ, ಉಗುರಿನ ಗೀರುಗಳಲ್ಲಿ ರಕ್ತ ಒಣಗಿತ್ತು. "ದಿನಾ ಒರೆಸುತ್ತೇನೆ ಡಾಕ್ಟರೇ, ಬೆಳಗಾದರೆ ಮತ್ತೆ ಅಷ್ಟೇ ಕೊಳೆ" ಎಂದರು ಆ ಮನೆಯ ತಾಯಿ. ಕೊಬ್ಬರಿ ಎಣ್ಣೆಯನ್ನೂ ಬೆಚ್ಚಗೆ ಮಾಡಿ ಬಿಟ್ಟಿದ್ದರಂತೆ.

ಕಿವಿಯೊಳಗೆ ಇದ್ದದ್ದು ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಂಥ ಒಣ ಕಪ್ಪು ಪುಡಿ. ಚಿಟಿಕೆಯಷ್ಟನ್ನು ಕಪ್ಪು ಕಾಗದದ ಮೇಲೆ ಹರಡಿ ಭೂತಗನ್ನಡಿಯನ್ನು ಅವರ ಕೈಗೆ ಕೊಟ್ಟೆ. ಸಾಸಿವೆಗಿಂತ ಎಷ್ಟೋ ಚಿಕ್ಕ ಬಿಳಿ ಚುಕ್ಕೆಗಳು ಮೆಲ್ಲಗೆ ಸರಿದಾಡುತ್ತಿದ್ದವು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಇವು ಓಟೋಡೆಕ್ಟಿಸ್ ಎಂಬ ಎಂಟು ಕಾಲಿನ ನುಸಿಗಳು. ಮರಿಗಳ ಕಿವಿ ತುರಿಕೆಗೆ ಬಹುಪಾಲು ಇವೇ ಕಾರಣ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಸುಮಾರು ಮೂರು ವಾರ ಬೇಕು. ಆದ್ದರಿಂದ ನಾಲ್ಕು ದಿನಕ್ಕೆ ತುರಿಕೆ ಇಳಿಯಿತೆಂದು ಔಷಧಿ ನಿಲ್ಲಿಸಿದರೆ ಉಳಿದ ಮೊಟ್ಟೆಗಳೊಡೆದು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ.

ಆದರೆ ಕಪ್ಪಾಗಿರುವುದೆಲ್ಲ ನುಸಿಯೂ ಅಲ್ಲ. ಯೀಸ್ಟ್ ಎಂಬ ಶಿಲೀಂಧ್ರ ಬೆಳೆದರೂ ಗುಗ್ಗೆ ಕಂದು ಬಣ್ಣಕ್ಕೆ ತಿರುಗಿ ಜಿಡ್ಡಾಗುತ್ತದೆ. ಒಂದೇ ಕಿವಿಯಿಂದ ಕೀವು ಸುರಿದು ವಾಸನೆ ಬಂದರೆ ಒಳಗೆ ಗಡ್ಡೆ ಇದೆಯೇ ಎಂದು ನಾನು ಹುಡುಕುತ್ತೇನೆ. ಎಳೆಯ ಬೆಕ್ಕುಗಳಲ್ಲಿ ಪಾಲಿಪ್ ಎಂಬ ಇಂಥ ಗಡ್ಡೆ ಅಪರೂಪವಲ್ಲ. ಕಿವಿಯೊಳಗೆ ನೋಡುವ ಉಪಕರಣವಾದ ಒಟೋಸ್ಕೋಪ್ ಇಟ್ಟು ಕಿವಿತಮಟೆ ನೋಡದೆ ಯಾವ ಹನಿಯನ್ನೂ ಬಿಡಬೇಡಿ ಎಂದು ಹೇಳುವುದು ಇದಕ್ಕೇ. ತಮಟೆ ಹರಿದಿದ್ದರೆ ಕೆಲವು ಹನಿಗಳು ಒಳಗಿವಿಗೆ ಇಳಿದು ಕೇಳುವ ಶಕ್ತಿಯನ್ನೇ ಕೆಡಿಸಬಲ್ಲವು. ಮನೆಯ ನಾಯಿಗೆಂದು ತಂದ ಔಷಧಿಯನ್ನಂತೂ ಮುಟ್ಟಲೇಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಬೆಕ್ಕಿಗೆ ನಡುಕ, ಫಿಟ್ಸ್ ಬರುತ್ತದೆ, ಜೀವವೇ ಹೋಗಬಹುದು. ಟೀ ಟ್ರೀ ಎಣ್ಣೆಯೂ ವಿಷವೇ.

ಹತ್ತಿ ಕಡ್ಡಿಯ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಬೆಕ್ಕಿನ ಕಿವಿಯ ನಾಳ ನೇರ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಕಡ್ಡಿ ಹಾಕಿದಷ್ಟೂ ಗುಗ್ಗೆ ಆ ತಿರುವಿಗೆ ಹೋಗಿ ಗಟ್ಟಿಯಾಗುತ್ತದೆ. ವೈದ್ಯರು ಶುಚಿಗೊಳಿಸುವ ದ್ರಾವಣ ಕೊಟ್ಟಿದ್ದರೆ ಅದನ್ನು ಮೈ ಶಾಖಕ್ಕೆ ತಂದು ಕಿವಿಗೆ ಬಿಡಿ. ತಣ್ಣಗಿದ್ದರೆ ಬೆಕ್ಕು ಮುಂದಿನ ಸಲ ಕೈಗೇ ಸಿಗುವುದಿಲ್ಲ. ಕಿವಿಯ ಬುಡವನ್ನು ಪಚಪಚ ಸದ್ದು ಬರುವವರೆಗೆ ಮೆಲ್ಲಗೆ ಹಿಸುಕಿ, ಕೈ ಬಿಡಿ. ಅದು ತಲೆ ಕೊಡವಿದಾಗ ಮೇಲೆ ಬಂದದ್ದನ್ನು ಮಾತ್ರ ಹತ್ತಿಯಿಂದ ಒರೆಸಿದರೆ ಸಾಕು.

ಕೆರೆತ ತಡೆಯಲಾರದೆ ತಲೆ ಕೊಡವಿ ಕೊಡವಿ ಕಿವಿಯ ಹೊರಭಾಗದಲ್ಲಿ ರಕ್ತ ತುಂಬಿ ದಿಂಬಿನಂತೆ ಉಬ್ಬುವುದುಂಟು. ಅದನ್ನು ಚುಚ್ಚಲು ಹೋಗಬೇಡಿ. ತಲೆ ಒಂದು ಕಡೆ ವಾಲಿದ್ದರೆ, ನಡೆಯುವಾಗ ತೂರಾಡಿದರೆ, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಿದ್ದರೆ ತೊಂದರೆ ಒಳಗಿವಿಗೆ ಇಳಿದಿರಬಹುದು. ಅಂದೇ ಕರೆತನ್ನಿ.

ಆ ಮರಿಗೆ ಕುತ್ತಿಗೆಯ ಹಿಂದೆ ಹಚ್ಚುವ ಸೆಲಮೆಕ್ಟಿನ್ ಎಂಬ ನುಸಿ ಕೊಲ್ಲುವ ಔಷಧಿ ಕೊಟ್ಟೆ, ಗುಣವಾಯಿತು. ಎರಡು ತಿಂಗಳಿಗೆ ಮತ್ತೆ ಅದೇ ಬುಟ್ಟಿ, ಅದೇ ಕಪ್ಪು ಪುಡಿ. ಮನೆಯಲ್ಲಿ ಬೇರೆ ಪ್ರಾಣಿಗಳಿವೆಯೇ ಎಂದು ನಾನು ಮೊದಲ ದಿನವೇ ಕೇಳಬೇಕಿತ್ತು. ಮಹಡಿಯ ಮೇಲೆ ಮಲಗುವ ಮುದಿ ಬೆಕ್ಕೊಂದಿತ್ತು. "ಅದು ಕೆರೆದುಕೊಳ್ಳುವುದೇ ಇಲ್ಲವಲ್ಲ" ಎಂದರು ಆಕೆ. ಮರುದಿನ ಅದನ್ನೂ ತಂದರು. ಎರಡೂ ಕಿವಿಗಳಲ್ಲಿ ನುಸಿ ತುಂಬಿತ್ತು.