ಟೋಕನ್ ದೀಪ ಉರಿಯುತ್ತೆ, ಸಹಿ ಮಾತ್ರ ಬೀಳಲ್ಲ

ತಿಂಗಳ 20 ಹತ್ತಿರವಾದರೆ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಫೋನಿಗೆ ಪುರಸೊತ್ತಿಲ್ಲ. ಜಿಎಸ್‌ಟಿ 3ಬಿ ಎಂಬ ತಿಂಗಳ ತೆರಿಗೆ ಲೆಕ್ಕ ಸಲ್ಲಿಸುವ ದಿನ. ಕಳೆದ ನವೆಂಬರ್‌ನಲ್ಲಿ ಪೀಣ್ಯದ ಒಂದು ಕಾರ್ಖಾನೆಯಿಂದ ಅಕೌಂಟ್ಸ್ ಮೇಡಂ ಕರೆ ಮಾಡಿದರು. "ಸರ್, ಡಿಎಸ್‌ಸಿ ಟೋಕನ್ ಹಾಕಿದ್ರೆ ದೀಪ ಹತ್ತುತ್ತೆ. ಆದ್ರೆ ಟೋಕನ್ ಸಿಗ್ತಿಲ್ಲ ಅಂತ ಬರ್ತಿದೆ." ಡಿಎಸ್‌ಸಿ ಅಂದರೆ ಡಿಜಿಟಲ್ ಸಹಿ; ಅದು ಇರುವುದು ಪೆನ್‌ಡ್ರೈವ್‌ನಂಥ ಈ ಟೋಕನ್ನಿನಲ್ಲಿ.

"ಲ್ಯಾಪ್‌ಟಾಪ್ ಹೊಸದಾ ಮೇಡಂ?"

"ಹ್ಞೂಂ ಸರ್. ಯಜಮಾನ್ರು ದೀಪಾವಳಿ ಆಫರ್‌ನಲ್ಲಿ ಆರು ತಂದ್ರು. ಬೆಳಗ್ಗೆ ಚಾರ್ಜ್ ಹಾಕಿದ್ರೆ ಸಂಜೆವರೆಗೂ ಬರುತ್ತೆ."

ಅಷ್ಟು ಕೇಳಿದಾಗಲೇ ಅನುಮಾನ ಬಂತು. ಹೋಗಿ ಸೆಟ್ಟಿಂಗ್ಸ್‌ನ ಅಬೌಟ್ ಪುಟ ತೆರೆದೆ. ಸಿಸ್ಟಮ್ ಟೈಪ್ ಸಾಲಿನಲ್ಲಿ ಆರ್ಮ್ ಎಂದಿತ್ತು, ಅಂದರೆ ಒಳಗಿದ್ದದ್ದು ಬೇರೆ ಬಗೆಯ ಚಿಪ್ಪು. ಯಜಮಾನರಿಗೆ ಸಿಟ್ಟು: "ಅಂಗಡಿಯವನು ಎಲ್ಲಾ ಸಾಫ್ಟ್‌ವೇರ್ ಓಡುತ್ತೆ ಅಂದಿದ್ದ ಕಣ್ರೀ!"

ಅವನು ಸುಳ್ಳು ಹೇಳಿರಲಿಲ್ಲ. ಅರ್ಧ ಹೇಳಿದ್ದ, ಅಷ್ಟೆ. ಉಳಿದರ್ಧವನ್ನು ಹೇಳೀ ಹೇಳೀ ನನ್ನ ಗಂಟಲು ಒಣಗಿದೆ. ಇನ್ನೊಮ್ಮೆ ಹೇಳುತ್ತೇನೆ.

ಇಂಟೆಲ್, ಎಎಮ್‌ಡಿ ಎರಡೂ ಕಂಪನಿಗಳ ಪಿಸಿ ಚಿಪ್ಪುಗಳು ಎಕ್ಸ್86 ಎಂಬ ಒಂದೇ ಭಾಷೆ ಆಡುತ್ತವೆ. ಆರ್ಮ್ ಚಿಪ್ಪಿನದು ಬೇರೆ ಭಾಷೆ. ಹಳೆಯ ಪ್ರೋಗ್ರಾಂ ಅದರ ಮೇಲೆ ಓಡಲೆಂದು ವಿಂಡೋಸ್ 11 ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದೆ. 2024ರ 24ಎಚ್2 ಆವೃತ್ತಿಯಲ್ಲಿ ಅವನಿಗೆ ಪ್ರಿಸಮ್ ಅಂತ ಹೆಸರಿಟ್ಟರು, ಕೆಲಸವೂ ಚುರುಕಾಯಿತು. ಆದರೆ ಈ ದುಭಾಷಿಗೆ ಪ್ರವೇಶ ಹಾಲ್‌ವರೆಗೆ ಮಾತ್ರ, ಅಡುಗೆಮನೆಗಿಲ್ಲ. ಸಾಧನಗಳನ್ನು ವಿಂಡೋಸ್‌ಗೆ ಜೋಡಿಸುವ ಡ್ರೈವರ್ ಎಂಬ ಪ್ರೋಗ್ರಾಂಗಳು ಕೆಲಸ ಮಾಡುವುದು ಅಡುಗೆಮನೆಯಲ್ಲಿ, ಅಂದರೆ ವಿಂಡೋಸ್‌ನ ತಿರುಳಾದ ಕರ್ನಲ್ ಒಳಗೆ. ಅಲ್ಲಿಗೆ ಹೋಗುವ ಡ್ರೈವರ್ ಆರ್ಮ್‌ಗೆಂದೇ ತಯಾರಾಗಿರಬೇಕು. ಟೋಕನ್, ಬೆರಳಚ್ಚು ಯಂತ್ರ, ಹಳೇ ಸ್ಕ್ಯಾನರ್, ವಿಪಿಎನ್, ಆಂಟಿವೈರಸ್ ಇವೆಲ್ಲ ಎಡವುವುದು ಸಾಮಾನ್ಯವಾಗಿ ಇಲ್ಲೇ. ದೀಪ ಹತ್ತಿದರೆ ಕರೆಂಟ್ ಬಂತು ಅಂತಷ್ಟೇ ಅರ್ಥ.

ಮ್ಯಾಕ್ ಕಥೆಯೂ ಇದೇ. 2020ರಲ್ಲಿ ಆಪಲ್‌ನ ಎಂ1 ಎಂಬ ಆರ್ಮ್ ಚಿಪ್ಪು ಬಂದಾಗ ರೊಸೆಟ್ಟಾ 2 ಎಂಬ ದುಭಾಷಿ ಬಂದ. ಅವನೂ ಕರ್ನಲ್ ಮುಟ್ಟುವುದಿಲ್ಲ.

ಹಾಗಂತ ಆರ್ಮ್ ಬೇಡ ಎನ್ನುತ್ತಿಲ್ಲ. ಊರೂರು ಅಲೆಯುವ ಸೇಲ್ಸ್ ಹುಡುಗರಿಗೆ ಅಂಥ ಬ್ಯಾಟರಿ ಸಿಕ್ಕರೆ ಬಿಡಬಾರದು. ಆರ್ಮ್ ಡ್ರೈವರ್ ಕೊಡುವ ತಯಾರಕರೂ ಇದ್ದಾರೆ. ನಿಮ್ಮ ಟೋಕನ್ನಿಗೆ ಇದೆಯೋ ಇಲ್ಲವೋ ತಯಾರಕರನ್ನೇ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಆರು ಕೊಳ್ಳುವ ಮೊದಲು ಒಂದನ್ನು ತಂದು ಅಕೌಂಟ್ಸ್‌ನವರ ಮೇಜಿನ ಮೇಲೆ ಒಂದು ತಿಂಗಳು ಇಡಿ. ಒಂದು 20ನೇ ತಾರೀಖು ದಾಟಲಿ.

ಇದರ ತದ್ವಿರುದ್ಧ ಭಯವೂ ಉಂಟು. ಒಬ್ಬರು ನಾನು ಕಳಿಸಿದ ಫೈಲ್ ತೆರೆಯದೆ ಎರಡು ದಿನ ಇಟ್ಟುಕೊಂಡಿದ್ದರು. ಹೆಸರಲ್ಲಿ 'ಎಎಮ್‌ಡಿ64' ಇದೆ, ನಮ್ಮದು ಇಂಟೆಲ್ ಅಲ್ವಾ ಎಂದರು. ನಕ್ಕುಬಿಟ್ಟೆ, ತಪ್ಪಾಯಿತು, ಅನುಮಾನ ಸಹಜವೇ. ಎಕ್ಸ್86 ಭಾಷೆಯ ಈ 64 ಬಿಟ್ ವಿಸ್ತರಣೆಯನ್ನು ರೂಪಿಸಿ 2003ರಲ್ಲಿ ಆಪ್ಟೆರಾನ್ ಚಿಪ್ಪಿನೊಂದಿಗೆ ತಂದದ್ದು ಎಎಮ್‌ಡಿ. ಆಮೇಲೆ ಇಂಟೆಲ್ ಕೂಡ ಅದನ್ನೇ ಅಳವಡಿಸಿಕೊಂಡಿತು. ಹೆಸರು ಉಳಿದುಕೊಂಡಿತು.

ನನ್ನ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದದ ಕಚೇರಿಗಳ ಪಟ್ಟಿಯಲ್ಲಿ ಈಗ ಸೀರಿಯಲ್ ನಂಬರ್ ಪಕ್ಕದಲ್ಲೇ 'ಚಿಪ್ಪಿನ ಜಾತಿ' ಎಂಬ ಕಾಲಂ ಇದೆ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಎರಡು: ಕೆಂಪು ದಾರ ಕಟ್ಟಿದ್ದು ಆರ್ಮ್‌ಗೆ. ಒಂದರ ಇಮೇಜ್ ಇನ್ನೊಂದರಲ್ಲಿ ಬೂಟ್ ಆಗುವುದೇ ಇಲ್ಲ.

ಅಂದು ಸಂಜೆ ಪೀಣ್ಯದಲ್ಲಿ ಮೆಟ್ಟಿಲ ಕೆಳಗೆ ಗುಜರಿಗೆಂದು ಎತ್ತಿಟ್ಟ ಡೆಸ್ಕ್‌ಟಾಪ್‌ಗಳಲ್ಲಿ ಒಂದನ್ನು ಎಳೆದೆವು. ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಪುಣ್ಯಕ್ಕೆ ಇಂಟೆಲ್ ಎಂಟನೇ ತಲೆಮಾರಿನದು, ವಿಂಡೋಸ್ 11 ಹಾಕಲು ತಕರಾರಿಲ್ಲ. ಏಳನೆಯದಾಗಿದ್ದರೆ ಬಹುಪಾಲು ಅದೂ ಆಗುತ್ತಿರಲಿಲ್ಲ. ಏಳೂವರೆಗೆ ಸಹಿ ಬಿತ್ತು. ಮೇಡಂ ಅದರ ಮೇಲೊಂದು ಚೀಟಿ ಅಂಟಿಸಿದರು: "ಸಹಿ ಮಷೀನ್. ಯಾರೂ ಮುಟ್ಟಬಾರದು, ಯಜಮಾನ್ರೂ ಸಹ."