ಕುರ್ಚಿ ಕಡಿಮೆಯಾದರೆ ಕ್ಲಬ್ ಸಣ್ಣದಾಗುತ್ತದೆಯೇ?

ಓದುಗರ ಪ್ರಶ್ನೆ: ದೊಡ್ಡ ಕ್ರೀಡಾಂಗಣವನ್ನು ಬಿಟ್ಟು ಫುಟ್‌ಬಾಲ್ ಕ್ಲಬ್ಬೊಂದು ಬೇಕೆಂದೇ ಚಿಕ್ಕದಕ್ಕೆ ಹೋಗುವುದರಲ್ಲಿ ಅರ್ಥವಿದೆಯೇ? ಹಾಗೆ ಹೋಗಿ ಉದ್ಧಾರವಾದ ಕ್ಲಬ್ ಯಾವುದಾದರೂ ಉಂಟೇ? ಬೆಂಗಳೂರು ಎಫ್‌ಸಿ ಕಂಠೀರವವನ್ನು ಬಿಟ್ಟು ಅಶೋಕನಗರದ ಹಳೆಯ ಮೈದಾನಕ್ಕೆ ಮರಳಬೇಕೇ?

ಉತ್ತರ: ಉದ್ಧಾರವಾದ ಕ್ಲಬ್ ಉಂಟು, ಅದೂ ಸಣ್ಣಪುಟ್ಟದ್ದಲ್ಲ. ಇಟಲಿಯ ಯುವೆಂಟಸ್, ಸುಮಾರು 69,000 ಜನ ಕೂರುವ ಕ್ರೀಡಾಂಗಣವನ್ನು ಕೆಡವಿಸಿ, ಅದೇ ನೆಲದ ಮೇಲೆ ಸುಮಾರು 41,000 ಜನರಿಗೆ ಮಾತ್ರ ಜಾಗವಿರುವ ಇನ್ನೊಂದನ್ನು ಕಟ್ಟಿಕೊಂಡಿತು. ಈ ಪ್ರಶ್ನೆ ಕೇಳುವವರೆಲ್ಲ ಕುರ್ಚಿಯ ಲೆಕ್ಕದಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಕಟ್ಟಕಡೆಗೆ ಹಾಕಬೇಕಾದ ಲೆಕ್ಕ. ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದನ್ನು ಮೊದಲು ವಿಚಾರಿಸಬೇಕು.

ಟ್ಯೂರಿನ್ ನಗರದ ಡೆಲ್ಲೆ ಆಲ್ಪಿ ಕ್ರೀಡಾಂಗಣ ತಲೆ ಎತ್ತಿದ್ದು 1990ರ ವಿಶ್ವಕಪ್‌ಗಾಗಿ. ಮರಡೋನಾ ಕೊಟ್ಟ ಪಾಸ್‌ನಲ್ಲಿ ಕನೀಜಿಯಾ ಗೋಲು ಹೊಡೆದು ಬ್ರೆಜಿಲನ್ನು ಮನೆಗೆ ಕಳುಹಿಸಿದ್ದು ಅಲ್ಲಿ. ಇಂಗ್ಲೆಂಡ್ ಪೆನಾಲ್ಟಿ ಹೊಡೆತಗಳಲ್ಲಿ ಪಶ್ಚಿಮ ಜರ್ಮನಿಗೆ ಸೋತು ಅತ್ತಿದ್ದೂ ಅಲ್ಲೇ. ವಿಶ್ವಕಪ್ ಮುಗಿದ ಮೇಲೆ ಊರಿನ ಎರಡು ಕ್ಲಬ್‌ಗಳು, ಯುವೆಂಟಸ್ ಮತ್ತು ಟೊರಿನೊ, ಅದರಲ್ಲಿ ಬಾಡಿಗೆದಾರರಾಗಿ ಉಳಿದವು. ಮಾಲೀಕತ್ವ ನಗರಸಭೆಯದು. ಜಾಗ ಊರ ಹೊರವಲಯದಲ್ಲಿ. ಪ್ರೇಕ್ಷಕರಿಗೂ ಅಂಕಣಕ್ಕೂ ನಡುವೆ ಅಥ್ಲೆಟಿಕ್ಸ್ ಟ್ರ್ಯಾಕ್. ಇದರ ತಮಾಷೆ ಏನೆಂದರೆ, ಓಟಗಾರರು ಮೈ ಬಿಸಿ ಮಾಡಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ಟ್ರ್ಯಾಕ್ ಇಲ್ಲದ ಕಾರಣ ದೊಡ್ಡ ಅಥ್ಲೆಟಿಕ್ಸ್ ಕೂಟಗಳೂ ಅಲ್ಲಿಗೆ ಬರಲಿಲ್ಲ. ಫುಟ್‌ಬಾಲ್ ನೋಡುವವರನ್ನು ದೂರ ಕೂರಿಸಿದ್ದಷ್ಟೇ ಆ ಟ್ರ್ಯಾಕ್‌ನ ಸಾಧನೆ.

ಕುರ್ಚಿಗಳು ಖಾಲಿ ಉಳಿದದ್ದಕ್ಕೆ ತಂಡದ ಆಟ ಕಾರಣವಲ್ಲ, ಇದನ್ನು ಒತ್ತಿ ಹೇಳಬೇಕು. ಆ ದಶಕದಲ್ಲಿ ಯುವೆಂಟಸ್ ಯುರೋಪಿನ ಅತ್ಯುತ್ತಮ ತಂಡಗಳಲ್ಲಿ ಒಂದು. 1996ರಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು, 1997 ಮತ್ತು 1998ರಲ್ಲಿ ಮತ್ತೆ ಫೈನಲ್ ತಲುಪಿತು, ಜಿಡಾನ್ ಮತ್ತು ಡೆಲ್ ಪಿಯೆರೊ ಒಂದೇ ತಂಡದಲ್ಲಿದ್ದರು. ಅಂಥ ಕ್ಲಬ್ ಅದಕ್ಕಿಂತ ಕೆಳಗಿನ ಟೂರ್ನಿಯಾದ ಯುಇಎಫ್‌ಎ ಕಪ್‌ನ 1995ರ ಫೈನಲ್‌ನಲ್ಲಿ (ಆಗ ಫೈನಲ್ ಎಂದರೆ ಎರಡು ಪಂದ್ಯ) ತನ್ನ ತವರಿನ ಪಂದ್ಯವನ್ನು ಆಡಿದ್ದು ಮಿಲಾನ್‌ನ ಸ್ಯಾನ್ ಸಿರೊದಲ್ಲಿ. ತವರಿನಲ್ಲಿ ಆಡುವುದಕ್ಕಿಂತ ಪ್ರತಿಸ್ಪರ್ಧಿ ಕ್ಲಬ್‌ಗಳ ಊರಿಗೆ ಹೋಗುವುದೇ ವಾಸಿ ಎನಿಸಿತ್ತು ಎಂದರೆ ಸ್ಥಿತಿ ಹೇಗಿತ್ತೆಂದು ಊಹಿಸಬಹುದು. 2001-02ರ ಋತುವಿನಲ್ಲಿ ಸ್ಯಾಂಪ್ಡೋರಿಯ ವಿರುದ್ಧದ ಇಟಾಲಿಯನ್ ಕಪ್ ಪಂದ್ಯಕ್ಕೆ ಟಿಕೆಟ್ ಕೊಂಡು ಬಂದವರು 237 ಮಂದಿ. ಹೌದು, ಇನ್ನೂರ ಮೂವತ್ತೇಳು.

2003ರಲ್ಲಿ ಕ್ಲಬ್ ನಗರಸಭೆಯ ಜೊತೆ ಮಾತುಕತೆ ಮುಗಿಸಿ ಆ ನೆಲದ ಹಕ್ಕನ್ನು 99 ವರ್ಷಗಳಿಗೆ ಪಡೆಯಿತು. ಇಡೀ ಕಥೆಯ ತಿರುವು ಇದೇ, ಕಟ್ಟಡವಲ್ಲ. 2006ರಲ್ಲಿ ಡೆಲ್ಲೆ ಆಲ್ಪಿಗೆ ಬೀಗ ಬಿತ್ತು. ಅದೇ ವರ್ಷ ಹಗರಣವೊಂದರಿಂದ ಎರಡನೇ ದರ್ಜೆಗೆ ತಳ್ಳಲ್ಪಟ್ಟ ಕ್ಲಬ್, ಊರೊಳಗಿನ ಮೂವತ್ತು ಸಾವಿರಕ್ಕೂ ಕಡಿಮೆ ಆಸನಗಳ ಒಲಿಂಪಿಕೊದಲ್ಲಿ ಐದು ಋತುಗಳನ್ನು ಕಳೆಯಿತು. 2011ರ ಸೆಪ್ಟೆಂಬರ್ 8ರಂದು ಹೊಸ ಕ್ರೀಡಾಂಗಣ ತೆರೆದಾಗ ಉದ್ಘಾಟನಾ ಪಂದ್ಯಕ್ಕೆ ಕರೆದದ್ದು ಇಂಗ್ಲೆಂಡಿನ ನಾಟ್ಸ್ ಕೌಂಟಿಯನ್ನು. ಯುವೆಂಟಸ್‌ಗೆ ಕಪ್ಪು-ಬಿಳುಪು ಪಟ್ಟೆಯ ಅಂಗಿ 1903ರಲ್ಲಿ ಬಂದದ್ದು ಆ ಕ್ಲಬ್‌ನಿಂದ. ಶತಮಾನ ಕಳೆದರೂ ಋಣ ಮರೆಯಲಿಲ್ಲ. ಪಂದ್ಯ 1-1ರಲ್ಲಿ ಮುಗಿಯಿತು. ಹೊಸ ಕ್ರೀಡಾಂಗಣದಲ್ಲಿ ಟ್ರ್ಯಾಕ್ ಇಲ್ಲ. ಮೊದಲ ಸಾಲಿನಿಂದ ಅಂಕಣಕ್ಕೆ ಏಳೂವರೆ ಮೀಟರ್. ಥ್ರೋ-ಇನ್ ಎಸೆಯಲು ಬಂದ ಎದುರಾಳಿ ಆಟಗಾರನಿಗೆ ಮೊದಲ ಸಾಲಿನವರು ಏನೆನ್ನುತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ಕೇಳಿಸುವಷ್ಟು ದೂರ.

ಮೊದಲ ಋತುವಿನಲ್ಲೇ ಪಂದ್ಯದ ದಿನದ ಆದಾಯ ಹಿಂದಿನ ವರ್ಷಕ್ಕಿಂತ ಸುಮಾರು ಮೂರು ಪಟ್ಟಾಯಿತು. ಹನ್ನೊಂದು ಚಿಲ್ಲರೆ ಮಿಲಿಯನ್ ಯೂರೊ ಮೂವತ್ತೊಂದು ಮಿಲಿಯನ್ ದಾಟಿತು. ಈ ಹೋಲಿಕೆ ಒಲಿಂಪಿಕೊ ಜೊತೆಗಿನದೇ ಹೊರತು ಡೆಲ್ಲೆ ಆಲ್ಪಿ ಜೊತೆಗಿನದಲ್ಲ ಎಂಬುದನ್ನು ನೆನಪಿಡಬೇಕು. ತಂಡ ಆ ವರ್ಷ ಲೀಗ್‌ನಲ್ಲಿ ಒಂದೂ ಪಂದ್ಯ ಸೋಲದೆ ಪ್ರಶಸ್ತಿ ಗೆದ್ದಿತು, ಅಲ್ಲಿಂದ 2020ರವರೆಗೆ ಸತತ ಒಂಬತ್ತು. ಇದೆಲ್ಲವೂ ಕ್ರೀಡಾಂಗಣದ ಕೃಪೆ ಎನ್ನುವವರನ್ನು ನಾನು ನಂಬುವುದಿಲ್ಲ. ಅದೇ ಬೇಸಿಗೆಯಲ್ಲಿ ಆಂಟೋನಿಯೊ ಕಾಂಟೆ ಕೋಚ್ ಆಗಿ ಬಂದಿದ್ದರು, ಮಿಲಾನ್ ಬೇಡವೆಂದು ಬಿಟ್ಟ ಪಿರ್ಲೊ ಪುಕ್ಕಟೆಯಾಗಿ ಸಿಕ್ಕಿದ್ದರು. ಗೋಡೆಗಳು ಗೋಲು ಹೊಡೆಯುವುದಿಲ್ಲ.

ಆದರೆ ಕುರ್ಚಿ ಕಡಿಮೆಯಾದರೆ ದುಡ್ಡು ಹೆಚ್ಚುವುದು ಹೇಗೆ? ಅಭಿಮಾನಿಯ ಮನಸ್ಸಿಗೆ ಇಳಿದು ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ. 69,000 ಆಸನಗಳ ಕ್ರೀಡಾಂಗಣಕ್ಕೆ ಟಿಕೆಟ್ ಯಾವತ್ತಾದರೂ ಸಿಗುತ್ತದೆ ಎಂದು ಅವನಿಗೆ ಗೊತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಎದ್ದು ಮೋಡ ನೋಡುತ್ತಾನೆ, ಎದುರಾಳಿ ಯಾರೆಂದು ನೋಡುತ್ತಾನೆ, ಟಿವಿಯಲ್ಲಿ ಬರುತ್ತದಲ್ಲ ಎಂದು ಕಾಫಿ ಕುಡಿದು ಕೂರುತ್ತಾನೆ. 41,000ದಲ್ಲಿ ಆ ಧೈರ್ಯ ಇರುವುದಿಲ್ಲ. ಈಗ ಕೊಳ್ಳದಿದ್ದರೆ ದೊಡ್ಡ ಪಂದ್ಯಕ್ಕೆ ಸಿಗಲಾರದು ಎಂದು ಇಡೀ ಋತುವಿನ ಟಿಕೆಟನ್ನು ಮೊದಲೇ ಕೊಳ್ಳುತ್ತಾನೆ. ಆ ಹಣ ಮೊದಲ ಪಂದ್ಯಕ್ಕೂ ಮುಂಚೆ ಕ್ಲಬ್‌ನ ಕೈ ಸೇರುತ್ತದೆ, ಮಳೆ ಬಂದರೂ ಬರದಿದ್ದರೂ. ಇನ್ನು ಕ್ರೀಡಾಂಗಣ ಸ್ವಂತದ್ದಾದರೆ ಅದರ ಹೆಸರನ್ನು ಮಾರಬಹುದು (2017ರಿಂದ ಟ್ಯೂರಿನ್‌ನದು ಅಲಿಯಾನ್ಸ್ ಸ್ಟೇಡಿಯಂ), ಸಿರಿವಂತರಿಗೆ ಊಟದ ಜೊತೆಗಿನ ಕೋಣೆಗಳನ್ನು ಬಾಡಿಗೆಗೆ ಕೊಡಬಹುದು, ವಸ್ತುಸಂಗ್ರಹಾಲಯ ತೆರೆದು ಪಂದ್ಯವಿಲ್ಲದ ಮಂಗಳವಾರವೂ ಟಿಕೆಟ್ ಹರಿಯಬಹುದು. ಬಾಡಿಗೆದಾರನಿಗೆ ಇದಾವುದಕ್ಕೂ ಅವಕಾಶವಿಲ್ಲ.

ಇಷ್ಟು ಓದಿ, ಹಾಗಾದರೆ ಚಿಕ್ಕದೇ ಚೆನ್ನ ಎಂದುಕೊಳ್ಳುವವರು ಅಮೆರಿಕದ ಶಿಕಾಗೊ ಫೈರ್ ಕ್ಲಬ್‌ನ ಪಾಡನ್ನೂ ನೋಡಬೇಕು. ಅಲ್ಲಿನ ಲೀಗ್‌ನ ಆರಂಭದ ವರ್ಷಗಳಲ್ಲಿ ಕ್ಲಬ್‌ಗಳು ಅಮೆರಿಕನ್ ಫುಟ್‌ಬಾಲ್‌ಗೆಂದು ಕಟ್ಟಿದ ದೈತ್ಯ ಬಟ್ಟಲುಗಳಲ್ಲಿ ಆಡುತ್ತಿದ್ದವು. 1999ರಲ್ಲಿ ಕೊಲಂಬಸ್ ಕ್ಲಬ್ ಇಪ್ಪತ್ತು ಸಾವಿರ ಚಿಲ್ಲರೆ ಆಸನಗಳ ಸ್ವಂತ ಮನೆ ಕಟ್ಟಿ ದಾರಿ ತೋರಿಸಿತು, ಉಳಿದವರು ಹಿಂಬಾಲಿಸಿದರು. ಶಿಕಾಗೊ ಕೂಡ 2006ರಲ್ಲಿ ಸೋಲ್ಜರ್ ಫೀಲ್ಡ್ ಬಿಟ್ಟು 20,000 ಆಸನಗಳ ಅಚ್ಚುಕಟ್ಟಾದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಯಿತು. ನೋಟ ಚೆನ್ನ, ಹುಲ್ಲು ಚೆನ್ನ, ಪ್ರೇಕ್ಷಕ ಹತ್ತಿರ. ಆದರೆ ಅದಿದ್ದದ್ದು ಬ್ರಿಡ್ಜ್‌ವ್ಯೂ ಎಂಬ ಉಪನಗರದಲ್ಲಿ. ರೈಲು ನೇರವಾಗಿ ಹೋಗುತ್ತಿರಲಿಲ್ಲ; ಕಾರಿಲ್ಲದ ನಗರವಾಸಿ ಯುವಕರು ಬಸ್ ಬದಲಿಸಿ ಹೋಗಬೇಕಿತ್ತು. ಹೋಗುವುದನ್ನೇ ಬಿಟ್ಟರು. 2019ರಲ್ಲಿ ಕ್ಲಬ್ 6.55 ಕೋಟಿ ಡಾಲರ್ ಕೊಡಲು ಒಪ್ಪಿ ಗುತ್ತಿಗೆಯಿಂದ ಬಿಡಿಸಿಕೊಂಡಿತು, ಮರುವರ್ಷ ಅದೇ ದೈತ್ಯ ಸೋಲ್ಜರ್ ಫೀಲ್ಡ್‌ಗೆ ಮರಳಿತು. ಈಗ ನಗರದ ಹೃದಯಭಾಗಕ್ಕೆ ಹತ್ತಿರದಲ್ಲೇ ಸುಮಾರು 22,000 ಆಸನಗಳ ಸ್ವಂತ ಕ್ರೀಡಾಂಗಣದ ಯೋಜನೆಯನ್ನು ಪ್ರಕಟಿಸಿದೆ. ಗಾತ್ರ ಬಹುತೇಕ ಬ್ರಿಡ್ಜ್‌ವ್ಯೂನದೇ. ಬದಲಾದದ್ದು ವಿಳಾಸ ಮಾತ್ರ.

ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ಡಾರ್ಲಿಂಗ್ಟನ್ ಇದೆ. ಕೆಳದರ್ಜೆಯ ಈ ಕ್ಲಬ್ 1883ರಿಂದ ಫೀಥಮ್ಸ್ ಎಂಬ ಪುಟ್ಟ ಮೈದಾನದಲ್ಲಿ ಆಡಿಕೊಂಡಿತ್ತು. ಅಧ್ಯಕ್ಷ ಜಾರ್ಜ್ ರೆನಾಲ್ಡ್ಸ್ 2003ರಲ್ಲಿ 25,000 ಆಸನಗಳ ಕ್ರೀಡಾಂಗಣ ಕಟ್ಟಿಸಿ ಅದಕ್ಕೆ ತನ್ನದೇ ಹೆಸರಿಟ್ಟರು. ಮೊದಲ ಪಂದ್ಯಕ್ಕೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಕುತೂಹಲದಿಂದ ಬಂದರು. ಆಮೇಲಿನ ವರ್ಷಗಳಲ್ಲಿ ಎರಡು ಸಾವಿರದ ಆಸುಪಾಸು. ಸಾವಿರ ಎಲೆಯ ಛತ್ರದಲ್ಲಿ ಎಂಬತ್ತು ಜನರ ಮದುವೆ ನಡೆಸಿದರೆ ಏನಾಗುತ್ತದೋ ಅದೇ ಆಯಿತು: ದೀಪ, ನೀರು, ಕಾವಲು, ರಿಪೇರಿ, ಎಲ್ಲದರ ಬಿಲ್ಲೂ ಪೂರ್ತಿ ಗಾತ್ರಕ್ಕೇ ಬರುತ್ತದೆ. 2003ರ ಡಿಸೆಂಬರ್‌ನಲ್ಲೇ ಕ್ಲಬ್ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈ ಸೇರಿತು. 2012ರ ಹೊತ್ತಿಗೆ ಕ್ರೀಡಾಂಗಣವೂ ಇಲ್ಲ, ದರ್ಜೆಯೂ ಇಲ್ಲ. ಅಭಿಮಾನಿಗಳೇ ಸೇರಿ ಕ್ಲಬ್ಬನ್ನು ಮತ್ತೆ ಕಟ್ಟಿ, ನಾಲ್ಕು ದರ್ಜೆ ಕೆಳಗಿನಿಂದ ಮೇಲೆ ಹತ್ತತೊಡಗಿದರು. ಈಗ ಆಡುವುದು ರಗ್ಬಿ ಕ್ಲಬ್ ಒಂದರ ಸಾಧಾರಣ ಮೈದಾನದಲ್ಲಿ.

ಚಿಕ್ಕದರ ಪರ ವಾದಿಸುವವರು ಹೇಳದೆ ಬಿಡುವ ಮಾತೊಂದಿದೆ. ಕುರ್ಚಿ ವಿರಳವಾದಾಗ ಬೆಲೆ ಏರುತ್ತದೆ, ಹೊರಗುಳಿಯುವವನು ಬಡವ. ಇಡೀ ಋತುವಿಗೆ ಒಮ್ಮೆಗೇ ಹಣ ಕಟ್ಟಲಾಗದ, ತಿಂಗಳಿಗೊಮ್ಮೆ ಮಗಳನ್ನು ಕರೆದುಕೊಂಡು ಬರುವ ಅಭಿಮಾನಿಗೆ ಡೆಲ್ಲೆ ಆಲ್ಪಿಯಂಥ ಕೊಂಪೆಯಲ್ಲೂ ಒಂದು ಮೂಲೆ ಇತ್ತು. ಚಿಕ್ಕ ಕ್ರೀಡಾಂಗಣಕ್ಕೆ ಹೋಗುವ ಕ್ಲಬ್ ಪ್ರತಿ ಪಂದ್ಯಕ್ಕೂ ಒಂದಿಷ್ಟು ಅಗ್ಗದ ಬಿಡಿ ಟಿಕೆಟ್‌ಗಳನ್ನು ಎತ್ತಿಡಲೇಬೇಕು. ಬಹುತೇಕ ಕ್ಲಬ್‌ಗಳು ಎತ್ತಿಡುವುದಿಲ್ಲ. ಹಾಗೆಯೇ, ಬಾಗಿಲಲ್ಲಿ ಜನ ಕಾಯುತ್ತಿರುವಾಗ ಚಿಕ್ಕದಾಗುವುದು ಶುದ್ಧ ಮೂರ್ಖತನ. ಆರ್ಸೆನಲ್ ಕ್ಲಬ್ 1998ರಿಂದ ಎರಡು ಋತು ಚಾಂಪಿಯನ್ಸ್ ಲೀಗ್‌ನ ತವರು ಪಂದ್ಯಗಳನ್ನು 38,000 ಆಸನಗಳ ತನ್ನ ಹೈಬರಿ ಮೈದಾನ ಬಿಟ್ಟು ವೆಂಬ್ಲಿ ಕ್ರೀಡಾಂಗಣದಲ್ಲಿ ಆಡಿತು. ಎಪ್ಪತ್ತು ಸಾವಿರ ದಾಟಿ ಜನ ಬಂದರು, ಗಲ್ಲಾ ತುಂಬಿತು, ತಂಡ ಮಾತ್ರ ಆರು ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಎರಡೂ ಬಾರಿ ಗುಂಪಿನ ಹಂತದಲ್ಲೇ ಹೊರಬಿತ್ತು. ಎರಡನೇ ವರ್ಷ ಯುಇಎಫ್‌ಎ ಕಪ್‌ಗೆ ಇಳಿದು ಹೈಬರಿಗೆ ಮರಳಿದ್ದೇ ತಡ, ಫೈನಲ್‌ವರೆಗೂ ಹೋಯಿತು! ಆದರೂ ಆಡಳಿತ ಕಲಿತ ಪಾಠ ಬೇರೆ: ಬರುವ ಜನ ಇದ್ದಾರೆ. 2006ರಲ್ಲಿ 60,000 ಆಸನಗಳ ಸ್ವಂತ ಕ್ರೀಡಾಂಗಣ ಕಟ್ಟಿದರು, ಸರಿಯಾಗಿಯೇ ಮಾಡಿದರು.

ನಮ್ಮ ದೇಶಕ್ಕೆ ಬಂದರೆ, ಮುಂಬೈ ಸಿಟಿ ಎಫ್‌ಸಿ ಮೊದಲ ಎರಡು ಋತು ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರಿಕೆಟ್ ಕ್ರೀಡಾಂಗಣದಲ್ಲಿ ಆಡಿ, 2016ರಲ್ಲಿ ಅಂಧೇರಿಯ ಎಂಟು ಸಾವಿರದ ಆಸುಪಾಸಿನ ಪುಟ್ಟ ಅಂಗಳಕ್ಕೆ ಬಂತು. ಉಪನಗರ ರೈಲಿನ ಊರಿನಲ್ಲಿ ಅಂಧೇರಿ ಎಂದರೆ ತಲುಪಬಹುದಾದ ಜಾಗ. ಅಲ್ಲಿದ್ದುಕೊಂಡೇ ಕ್ಲಬ್ 2022-23ರಲ್ಲಿ ಲೀಗ್ ಪ್ರಶಸ್ತಿ ಗೆದ್ದಿತು. 2023ರಲ್ಲಿ ಸೌದಿಯ ಅಲ್ ಹಿಲಾಲ್ ಬಂದಾಗ ಒಂದು ರಾತ್ರಿಗೆ ಡಿ.ವೈ. ಪಾಟೀಲ್ ಅನ್ನು ಎರವಲು ಪಡೆಯಿತು. ಆ ತಂಡದ ನೇಮಾರ್ ಗಾಯಗೊಂಡು ಬರಲಿಲ್ಲ ಎಂಬುದು ಬೇರೆ ಮಾತು. ನಿತ್ಯಕ್ಕೆ ಚಿಕ್ಕದು, ಹಬ್ಬಕ್ಕೆ ದೊಡ್ಡದು ಎಂಬ ಈ ಏರ್ಪಾಡು ನನಗೆ ಹಿಡಿಸುತ್ತದೆ.

ಬೆಂಗಳೂರಿನ ಲೆಕ್ಕ ಹೀಗೆ. 2013-14ರಲ್ಲಿ ಮೊದಲ ಯತ್ನದಲ್ಲೇ ದೇಶದ ಆಗಿನ ಅಗ್ರ ಲೀಗ್ ಆದ ಐ-ಲೀಗ್ ಗೆದ್ದ ತಂಡದ ತವರು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ. ಆಸನ ಹತ್ತು ಸಾವಿರಕ್ಕೂ ಕಡಿಮೆ, ಕೃತಕ ಹುಲ್ಲು, ಟ್ರ್ಯಾಕ್ ಇಲ್ಲ. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದ ಹೆಸರು ಅಲ್ಲಿನ ಪಶ್ಚಿಮದ ಅಟ್ಟಣಿಗೆಯಿಂದಲೇ ಹುಟ್ಟಿದ್ದು. ಮರುವರ್ಷ ಕಂಠೀರವಕ್ಕೆ ಹೋದ ಮೇಲೆ ಸಿಕ್ಕಿದ್ದು ಸುಮಾರು 25,000 ಆಸನ, 2016ರಿಂದ ನಡೆದು ಹೋಗುವ ದೂರದಲ್ಲಿ ಕಬ್ಬನ್ ಪಾರ್ಕ್ ಮೆಟ್ರೊ, ಮತ್ತು ಎಂಟು ಪಥಗಳ ಟ್ರ್ಯಾಕ್. ಆಚೆ ಮೂಲೆಯ ಕಾರ್ನರ್ ಕಿಕ್‌ನಿಂದ ಗೋಲಾದರೆ, ಹೊಡೆದವರು ಯಾರೆಂದು ತಿಳಿಯಲು ಉಳಿದ ಆಟಗಾರರು ಯಾರನ್ನು ಅಪ್ಪಿಕೊಳ್ಳುತ್ತಾರೆ ಎಂದು ನೋಡಬೇಕು. ಫುಟ್‌ಬಾಲ್‌ನಿಂದ ತರಬೇತಿಗೆ ಅಡ್ಡಿಯಾಗುತ್ತಿದೆ ಎಂಬ ಅಥ್ಲೆಟಿಕ್ಸ್‌ನವರ ತಕರಾರು ಹೈಕೋರ್ಟ್‌ವರೆಗೂ ಹೋಗಿತ್ತು, ಅವರ ಮಾತಿನಲ್ಲಿ ನ್ಯಾಯವೂ ಇತ್ತು. ಆದರೆ 2016ರ ಅಕ್ಟೋಬರ್ 19ರ ರಾತ್ರಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದದ್ದು ಇದೇ ಕಂಠೀರವದಲ್ಲಿ. ಸುನಿಲ್ ಛೇತ್ರಿ ಎರಡು ಗೋಲು ಹೊಡೆದ ಆ ರಾತ್ರಿಯ ಜನ ಅಶೋಕನಗರದಲ್ಲಿ ಹಿಡಿಸುತ್ತಿರಲಿಲ್ಲ.

ಆದ್ದರಿಂದ ನನ್ನ ಉತ್ತರ: ಈಗಿನ ಸ್ಥಿತಿಯಲ್ಲಿ ಮರಳುವುದು ಬೇಡ. ಕಂಠೀರವ ರಾಜ್ಯ ಕ್ರೀಡಾ ಇಲಾಖೆಯದು, ಅಶೋಕನಗರದ್ದು ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕೈಯಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಹೋದರೆ ಮನೆ ಚಿಕ್ಕದಾಗುತ್ತದೆ, ಬಾಡಿಗೆ ಚೀಟಿ ಹಾಗೆಯೇ ಇರುತ್ತದೆ. ಯುವೆಂಟಸ್‌ಗೆ ಸಿಕ್ಕಂಥ ದೀರ್ಘಾವಧಿಯ ಹಕ್ಕು ಅಶೋಕನಗರದ ನೆಲದ ಮೇಲೆ ಸಿಕ್ಕು, ಅಲ್ಲಿ ಹದಿನೈದು ಸಾವಿರ ಆಸನಗಳನ್ನು ಹೊಸದಾಗಿ ಕಟ್ಟಲು ಅನುಮತಿ ದೊರೆತರೆ ನಾಳೆಯೇ ಗಂಟುಮೂಟೆ ಕಟ್ಟಬಹುದು. ಅಲ್ಲಿಯವರೆಗೆ, ಜನ ಕಡಿಮೆ ಬರುವ ಪಂದ್ಯಗಳಿಗೆ ಒಂದೆರಡು ಅಟ್ಟಣಿಗೆಗಳನ್ನು ಮುಚ್ಚಿ ಬಂದವರನ್ನು ಒತ್ತಾಗಿ ಕೂರಿಸುವುದು ಸಾಕು. ಅದಕ್ಕೆ ಹೊಸ ಕ್ರೀಡಾಂಗಣ ಬೇಕಿಲ್ಲ, ಟಿಕೆಟ್ ಮಾರುವವರಿಗೆ ಒಂದು ಸೂಚನೆ ಕೊಟ್ಟರಾಯಿತು.